ಕುರುಡು ಚಿತ್ತೆ

ಯಗಟಿಯ ನಮ್ಮ ಹಿತ್ತಿಲಲ್ಲಿ
ಕಂಬಳಿಯ ಹಾಸು ಹೂಡಿ ಮೂರು ದಿನ.
ಹುಣಸೆಬೀಜದ ಗಂಜಿ ಬಳಿದಾಗಲೆಲ್ಲ
ಅಯ್ಯನಕೆರೆ ಕಡೆಯಿಂದ ಒಂದು ಮೋಡ.

"ಕುರುಡು ಚಿತ್ತೆ, ಎರಚಿದತ್ತ ಬೆಳೆ,"
ಅಂತಾಳೆ ಕೆಂಚಮ್ಮತ್ತೆ,
"ನಮ್ಮತ್ತ ಬರೀ ಕೊಳೆ."

ಎತ್ತಿ ಒಳಗಿಡು, ಮತ್ತೆ ಹೊರಗೆ ತಾ.
ನಡುವೆ ಬಿಸಿಲು,
ಮುನಿದ ಬೀಗರ ಹಾಗೆ
ಬಾಗಿಲಲ್ಲೇ ಮುಖ ತೋರಿಸಿ ಹೋಗುತ್ತೆ.
ಕುರಿಮರಿ ಗಂಜಿ ನೆಕ್ಕಿ
ಮೂಗಿಗೆ ಎಳೆ ಅಂಟಿಸಿಕೊಂಡು ನಿಂತಿದೆ.

ಕೊನೆಗೂ ಒಣಗಿತು.
ಇವರು ಸಂತೆಗೆ ಹೋದ ಹೊತ್ತು
ನಾನೇ ಮಗ್ಗದ ಗುಂಡಿಗಿಳಿದೆ, ಮೊದಲ ಸಲ.
ಅಂಚು, ಎತ್ತು ಉಚ್ಚೆ ಹೊಯ್ದ ಸಾಲು.

ಅತ್ತೆ ಬೆರಳಾಡಿಸಿ ನೋಡಿದಳು.
ಬಿಚ್ಚು ಅನ್ನಲಿಲ್ಲ.
"ಹೊದೆಯೋಕೆ ತಾನೆ?
ಸೊಟ್ಟಗೆ ಮಲಗಿದರಾಯ್ತು."

ಹೊರಗೆ ರಾಗಿ ತೆನೆ ಕಟ್ಟುತ್ತಿದೆ.
ಸೂರಿನಿಂದ ಬಿದ್ದದ್ದು
ಚಿತ್ತೆಯ ಕೊನೆ ಹನಿಯೋ
ಸ್ವಾತಿಯ ಮೊದಲನೆಯದೋ.