ಬೆವರುವ ಮೂಟೆ

ಕುಮಟೆಯ ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ
ಗಾಳಿ ಊದಿ, ಮತ್ತೊಮ್ಮೆ ಊದಿ,
ಜಟ್ಟು ಆಗೇರ ಎಂಬ ಹೆಸರಿನ ಎದುರು
ನರ್ಸಮ್ಮ ಬರೆದದ್ದು ನೂರಾ ಎಪ್ಪತ್ತೆಂಟು,
ಅದರ ಕೆಳಗೆ ನೂರಾ ಎಂಟು.
ನಮ್ಮವರು ಕೇಳಿದರು: "ಇದು ಯಾವ ಮೂಟೆಯ ತೂಕ?"

ಸಾಣಿಕಟ್ಟೆಯ ಆಗರದಲ್ಲಿ ಇಪ್ಪತ್ತೊಂಬತ್ತು ಬೇಸಿಗೆ
ಹಲಗೆ ಎಳೆದು ಉಪ್ಪು ಕೂಡಿಸಿದ ಕೈ.
ಅಂಗೈ ಬಿರುಕಲ್ಲಿ ಉಪ್ಪು, ಹುಬ್ಬಲ್ಲಿ ಉಪ್ಪು,
ಬಿಚ್ಚಿಟ್ಟ ಅಂಗಿ ಒಣಗಿ
ಗೋಡೆಗೊರಗಿ ತಾನೇ ನಿಲ್ಲುತ್ತಿತ್ತು.
ಅಂಥವರಿಗೆ ಡಾಕ್ಟರು ಚಮಚ ತೋರಿಸಿದರು,
ಚಾ ಕದಡುವ ಚಮಚ:
"ದಿನಕ್ಕಿಷ್ಟೇ. ಗಂಜಿ, ಸಾರು, ಮೀನು, ಎಲ್ಲ ಸೇರಿ."

ಬಸ್ಸಿನಲ್ಲಿ ಮಾತಿಲ್ಲ.
ಮಿರ್ಜಾನ ದಾಟಿದ ಮೇಲೆ ಅಂದರು:
"ಗಜನಿಯ ಕಗ್ಗ ಉಪ್ಪುನೀರಲ್ಲೇ ನಿಂತು ತೆನೆ ಬಿಡ್ತದೆ.
ನಾನೇನು ಭತ್ತಕ್ಕಿಂತ ಕಡೆಯಾ?"
ನನ್ನ ಹತ್ತಿರ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಮಿರಗದ ಮಳೆಯ ಜೊತೆ.
ಅಡುಗೆಮನೆ ಮೂಲೆಯ ಉಪ್ಪಿನ ಮೂಟೆ,
ಯಾರೂ ನೀರು ಹೊಯ್ಯದೆ, ಮಾಡು ಸೋರದೆ,
ಬೆವರಿ ಬೆವರಿ
ನೆಲದ ಮೇಲೊಂದು ಸಣ್ಣ ಕೆರೆ ಮಾಡಿತ್ತು.
"ಬನ್ನಿ ಇಲ್ಲಿ" ಅಂದೆ.
"ಉಪ್ಪು ಇದ್ದಲ್ಲಿಗೆ ನೀರು ತಾನಾಗಿ ಬರ್ತದೆ, ನೋಡಿ.
ನಿಮ್ಮ ನರದೊಳಗೂ ಹೀಗೇ ಅಂತೆ.
ನೆತ್ತರು ಉಬ್ಬಿ ಗುದ್ದುವುದು,
ಜಂತ್ರಡಿಯ ಹಲಗೆಗೆ
ಅಮಾವಾಸ್ಯೆಯ ಭರತ ಗುದ್ದಿದ ಹಾಗೆ."

ಅವರು ಕುಕ್ಕರಗಾಲಲ್ಲಿ ಕೂತು
ಆ ನೀರಿಗೆ ಬೆರಳದ್ದಿದರು.
ನೆಕ್ಕಲು ಹೋಗಿ, ನನ್ನ ಮುಖ ನೋಡಿ,
ಲುಂಗಿಗೆ ಒರೆಸಿಕೊಂಡರು.

ಹಾಗಂತ ಸುಲಭವಾಗಲಿಲ್ಲ.
ಹೊನ್ನಿಯ ಮನೆಯಿಂದ ಒಣಬಂಗಡೆ ಸುಡುವ ವಾಸನೆ ಬಂದರೆ
ಗಂಜಿ ಬಟ್ಟಲು ಸರಿಸಿ ಎದ್ದದ್ದುಂಟು.
"ಇದು ಊಟವಲ್ಲ, ಕಾಯಿಲೆ" ಅಂದದ್ದುಂಟು.
ನಾನು ಸಾರಿಗೆ ಜುಮ್ಮನಕಾಳು ಜಜ್ಜಿ ಹಾಕಿದೆ,
ಮುರುಗಲ ಹುಳಿ ಹೆಚ್ಚು ಹಿಂಡಿದೆ,
ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೇರಿಸಿ
ಏಣಿಯನ್ನು ತಂಗಿಯ ಮನೆಗೆ ಕೊಟ್ಟುಬಂದೆ.

ತಿಂಗಳು ಕಳೆದು ಒಂದು ರಾತ್ರಿ,
ಯಾರಿಗೋ ಹೇಳುವಂತೆ ಅಂದರು:
"ಅಕ್ಕಿ ಸಿಹಿ ಇದೆ, ಮಾರಾಯ್ತಿ.
ಇಷ್ಟು ವರ್ಷ ಎಲ್ಲಿ ಅಡಗಿತ್ತು?"

ಈಗ ನೂರಾ ನಲವತ್ತೆರಡು. ಗುಳಿಗೆ ಬಿಟ್ಟಿಲ್ಲ.
ಚೌತಿಗೆ ಮುಗಿಯುತ್ತಿದ್ದ ಮೂಟೆ
ದೀಪಾವಳಿಗೂ ಅರ್ಧ ಉಳಿಯಿತು;
ತೆಂಗಿನ ಬುಡಕ್ಕೆ ಸುರಿದೆ.

ಮತ್ತೆ ಬೇಸಿಗೆ. ಮತ್ತೆ ಆಗರ.
ಕೂಲಿ ಅಲ್ಲೇ, ಬೇರೆಲ್ಲಿ?
ಸಂಜೆ ಬಾಗಿಲಲ್ಲಿ ಬೆಳ್ಳಗೆ ನಿಲ್ಲುತ್ತಾರೆ,
ಹುಬ್ಬು, ಕಿವಿ, ಮೀಸೆ.
ನಾನು ಒದ್ದೆ ಬಟ್ಟೆ ಹಿಡಿದು
ಮೊದಲು ತುಟಿ ಒರೆಸುತ್ತೇನೆ.