ಯಂತ್ರದಲ್ಲಿಲ್ಲದ ಗುರುತು

ವುಚ್ ನಗರದ ಗಣಿತ ವಿಭಾಗದಲ್ಲಿ
ಹತ್ತೊಂಬತ್ತು ವರ್ಷ ಬೆರಳಚ್ಚಿನವಳು ನಾನು.
ಪೋಲಿಷ್ ಭಾಷೆಯ ಬಾಲದ ಅಕ್ಷರಗಳೆಲ್ಲ ಇದ್ದವು ನನ್ನ ಯಂತ್ರದಲ್ಲಿ,
ಒಂದು ಗುರುತು ಮಾತ್ರ ಇರಲಿಲ್ಲ:
ಬೋಗುಮಿವಾ ಮೇಡಂ ಪುಟಕ್ಕೆ ನಲವತ್ತು ಸಲ ಬರೆಯುವ,
ಗೋಡೆಗೆ ಹೊಡೆದ ಗೂಟದಂಥದು.
ಎಡಕ್ಕಿರುವುದರಿಂದ ಬಲಕ್ಕಿರುವುದು ಬರುತ್ತದೆ ಎಂದು ಅರ್ಥವಂತೆ.
ಮೂರು ಅಕ್ಷರದಷ್ಟು ಜಾಗ ಬಿಡುತ್ತಿದ್ದೆ.
ಸಂಜೆ ಅವರು ಶಾಯಿಯಲ್ಲಿ ಒಂದೊಂದೇ ತುಂಬುತ್ತಿದ್ದರು,
ಅಂಗಿಗೆ ಗುಂಡಿ ಹೊಲಿಯುವವರ ಹಾಗೆ.

ತರ್ಕ ಒಂದೇ ಅಲ್ಲವೆ, ಎಂದು ಕೇಳಿದ್ದೆ ಹೊಸದರಲ್ಲಿ.
ನಕ್ಕು ಕಪಾಟು ತೆರೆದರು.
ಒಂದು ಡಬ್ಬಿಯಲ್ಲಿ ಹೌದು-ಅಲ್ಲಗಳದ್ದು,
ಒಂದರಲ್ಲಿ ನಡುವೆ 'ಇರಬಹುದು' ಕೂಡ;
ಕಟ್ಟಿ ತೋರಿಸುವ ತನಕ ಇದೆ ಎಂದು ಒಪ್ಪದ ಹಟಮಾರಿಗಳದ್ದೊಂದು;
ಬ್ರೆಜಿಲ್‌ನಿಂದ ನೀಲಿ ಲಕೋಟೆಯಲ್ಲಿ ಬಂದದ್ದು ಇನ್ನೊಂದು,
ಅಲ್ಲಿ ಒಂದು ಮಾತು ಸುಳ್ಳೂ ನಿಜವೂ ಆದರೆ
ಮನೆಯೇನೂ ಕುಸಿಯುವುದಿಲ್ಲ.
"ಇವಿಷ್ಟನ್ನೂ ತರ್ಕ ಅನ್ನುತ್ತೇವಲ್ಲ, ಗೆನ್ಯಾ,
ಯಾವ ಧೈರ್ಯದ ಮೇಲೆ?"

ಬಿಚ್ಚತೊಡಗಿದರು.
'ಅಲ್ಲ' ಹೋಯಿತು. 'ಮತ್ತು', 'ಅಥವಾ' ಹೋದವು.
ಒಂದು ಮಂಗಳವಾರ ಸತ್ಯವೂ ಹೋಯಿತು.
ಹತ್ತಿ ಗಿರಣಿಗಳ ಊರು ನಮ್ಮದು; ನಾನಂದುಕೊಂಡೆ,
ಬಣ್ಣ ಹೋಗಲಿ, ಅಂಚು ಹೋಗಲಿ, ಹಾಸು-ಹೊಕ್ಕಾದರೂ ಉಳಿದೀತು.
ಉಳಿದದ್ದು ಮೂರು ಸಾಲು:
ಇಟ್ಟದ್ದು ಇಟ್ಟಲ್ಲಿ ಸಿಗುತ್ತದೆ.
ಸಿಕ್ಕಿದ್ದರಿಂದ ಸಿಕ್ಕಿದ್ದೂ ಸಿಕ್ಕ ಲೆಕ್ಕವೇ.
ಇನ್ನಷ್ಟು ತಿಳಿದರೂ ಮೊದಲು ಸಿಕ್ಕಿದ್ದು ಕೈಬಿಡುವುದಿಲ್ಲ.
ಮೂರನೆಯದನ್ನು ಬಡಿಯುವಾಗ ನನಗೆ ಹಾಯೆನಿಸಿತ್ತು,
ಅಂಚೆಕಚೇರಿಯ ಉಳಿತಾಯದ ಪುಸ್ತಕದ ಹಾಗೆ.

ಆ ಜನವರಿ ಟ್ರಾಮುಗಳು ಹಿಮದಲ್ಲಿ ಹೂತು ನಿಂತಿದ್ದವು.
ಮೇಡಂ ನಡೆದೇ ಮನೆ ಸೇರಿದರು.
ಗೂಟದಲ್ಲಿ ಲುಡ್ವಿಕ್‌ರ ಕೋಟು, ಕೆಳಗೆ ಅವರ ಬೂಟು,
ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗಿನ ಚಳಿ:
ಎಂದ ಮೇಲೆ ಮನುಷ್ಯ ಮನೆಯಲ್ಲೇ ಇದ್ದಾನೆ.
ಬೀಟ್‌ರೂಟ್ ಸೂಪು ಬಿಸಿಗಿಟ್ಟು, ಎರಡು ತಟ್ಟೆ ಹಾಕಿ,
ನಿದ್ದೆ ಕೆಡದಿರಲೆಂದು ಸದ್ದಿಲ್ಲದೆ
ನಾನು ಬಡಿದುಕೊಟ್ಟ ಪುಟಗಳಿಗೆ ಗೂಟ ಹೊಡೆಯುತ್ತಾ ಕೂತರು.
ಎಂಟೂವರೆಗೆ ಪಕ್ಕದ ಮನೆಯಾಕೆ ಬಂದು
ಒಂದೇ ಒಂದು ವಿಷಯ ಸೇರಿಸಿದಳು:
ಕಂಬಳಿಯಲ್ಲಿ ಸುತ್ತಿ ಒಯ್ದರು. ಮಧ್ಯಾಹ್ನವೇ.

ಮಾರ್ಚಿನಲ್ಲಿ ಕರಡು ನನ್ನ ಮೇಜಿಗೆ ಬಂತು.
ಮೂರನೆಯ ಸಾಲಿನ ಮೇಲೆ ಒಂದು ಗೆರೆ. ಕಾರಣ ಬರೆದಿರಲಿಲ್ಲ.
ಲೂಬೋಮಿರ್, ಅವರ ಶಿಷ್ಯ, ತಡವರಿಸಿದ:
"ಇದೂ ಹೋದರೆ ಒಂದು ರಾಶಿ, ಅದರ ಮೇಲೊಂದು ಸಂಬಂಧ, ಅಷ್ಟೆ.
ನೆಂಟಸ್ತಿಕೆಗೂ ಹೊಂದುತ್ತದೆ ಅದು, ಟ್ರಾಮ್ ಮಾರ್ಗಕ್ಕೂ."
"ಹೌದು," ಎಂದರು,
"ಎಲ್ಲಿ ನಿಲ್ಲಿಸಬೇಕೋ ನನಗಿನ್ನೂ ಗೊತ್ತಾಗಿಲ್ಲ."
ಆಮೇಲೆ ನನ್ನ ಕಡೆ ತಿರುಗಿ,
ಚಹಾ ಇದೆಯೇ ಗೆನ್ಯಾ, ಎಂದರು.

ಮೂಲ ಪ್ರತಿ ಯಾವ ಕಪಾಟಿನಲ್ಲಿದೆಯೋ.
ನನ್ನಲ್ಲಿರುವುದು ಕಾರ್ಬನ್ ಪ್ರತಿ;
ಶಾಯಿ ಬಿದ್ದದ್ದು ಮೇಲಿನ ಹಾಳೆಗೆ ಮಾತ್ರ.
ಇದರಲ್ಲಿ ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು,
ನಡುವೆ ನಾನು ಬಿಟ್ಟ ಮೂರು ಅಕ್ಷರದ ಜಾಗ,
ನೂರಾ ಹನ್ನೆರಡು ಪುಟ.
ಒಮ್ಮೊಮ್ಮೆ ಪೆನ್ನಿನ ಮುಚ್ಚಳ ತೆಗೆಯುತ್ತೇನೆ.
ಕೋಟು ನೆನಪಾಗುತ್ತದೆ.
ಮುಚ್ಚಿಡುತ್ತೇನೆ.