ನೂರ ತೊಂಬತ್ತೈದು ಮೀಟರು

ಮೊದಲ ಕಿಲೋಮೀಟರು ಮೊಟ್ಟೆ ಅಂಗಡಿ ಜಬೀನಮ್ಮನದು, ಹತ್ತು ರೂಪಾಯಿ.
ಎರಡು, ಮೂರು, ನಾಲ್ಕು
ಹೊಲಿಗೆ ಕ್ಲಾಸಿನ ಹುಡುಗಿಯರು ಚಂದಾ ಎತ್ತಿ ಕೊಟ್ಟದ್ದು.
ಐದನೆಯದಕ್ಕೆ ಕೊಟ್ಟವರು ಹೆಸರು ಬರೆಸಲಿಲ್ಲ.
ನೋಟುಪುಸ್ತಕ ಬಾಯಿಪಾಠವಾಗಿದೆ ನನಗೆ.
ಕಾಲಿಟ್ಟಲ್ಲೆಲ್ಲ ಯಾರದೋ ದುಡ್ಡು.

ಬೆಳಗಿನ ಐದಕ್ಕೆ ತೀರ್ಥಹಳ್ಳಿ ರಸ್ತೆಗೆ ಇನ್ನೂ ಮಂಪರು.
ತುಂಗೆ ಕಾಣುವುದಿಲ್ಲ,
ಕಿವಿಯ ಹಿಂದಿನ ತಂಪಿನಿಂದ ಗೊತ್ತಾಗುತ್ತಾಳೆ.

ಅಣ್ಣ ಬರೆದ ಬೋರ್ಡುಗಳು ಈ ದಾರಿಯಲ್ಲಿ ಇನ್ನೂ ಇವೆ.
ಪಂಕ್ಚರ್ ಹಾಕಲಾಗುವುದು.
ಮೀನೂಟ ಸಿಗುತ್ತದೆ.
ದಯವಿಟ್ಟು ಸಾಲ ಕೇಳಬೇಡಿ.
ಹಾಲೇಶಿಯ 'ಳ'ಗೆ ಸೊಂಟವಿತ್ತು,
'ಣ' ಹೊಟ್ಟೆ ತುಂಬ ಉಂಡು ಕೂತ ಹಾಗೆ ಇರುತ್ತಿತ್ತು.
ಆರು ವರ್ಷದ ಹಿಂದೆ ಮೊದಲು ಒತ್ತಕ್ಷರ ಜಾರಿತು.
ಬಣ್ಣ ತೆಳು ಅಂದ. ಏಣಿ ಸರಿಯಿಲ್ಲ ಅಂದ.
ಆಮೇಲೆ ಸಾಲಿಗೆ ಸಾಲೇ ಇಳಿಜಾರು.

ಆಮೇಲೆ ಕಾಲು.
ಗೋಪಿ ಸರ್ಕಲ್ಲಿನಲ್ಲಿ ಪೊಲೀಸಿನವನು ಬಾಯಿ ಊದಿಸಿದ.
ಎತ್ತಿ ಆಡಿಸಿದ ಬೀದಿಯವರೇ ನನ್ನನ್ನು ಬದಿಗೆ ಕರೆದು
ದನಿ ತಗ್ಗಿಸಿ ಕೇಳಿದರು: ಯಾವಾಗಿನಿಂದ ಕುಡಿತ?
ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಬೈಯುವವನು ಅವನು.

ಕಿರುಮೆದುಳಂತೆ. ಸವೆಯುತ್ತದಂತೆ.
ಮದ್ದು ಅಂದಾಗ ಡಾಕ್ಟರಮ್ಮ
ಪೆನ್ನಿನ ಟೋಪಿ ತೆಗೆದರು, ಹಾಕಿದರು, ತೆಗೆದರು.
"ಕೆಲವರು ಕೆಲಸ ಮಾಡ್ತಿದ್ದಾರೆ. ನೊಣಗಳ ಮೇಲೆ."
ಹಾಲೇಶಿ ನಕ್ಕ, ಆ ನಗುವೂ ಹೊಸ್ತಿಲಲ್ಲಿ ಎಡವಿತು:
"ಅಂದ್ರೆ ಹೊನ್ನೀ, ನೀನು ಓಡಿ ಓಡಿ ನೊಣ ಸಾಕೋದಾ?"

ಸಾಕೋದೇ. ಅವಕ್ಕೂ ಊಟದ ಖರ್ಚಿದೆ.
ಕಾಲು ತಪ್ಪಿದ ನೊಣವೊಂದು
ಗಾಜಿನ ಗೋಡೆ ಎಷ್ಟು ಎತ್ತರ ಹತ್ತುತ್ತದೆಂದು
ಎಲ್ಲೋ ಒಂದು ಕೋಣೆಯಲ್ಲಿ
ಯಾರೋ ಗಡಿಯಾರ ಹಿಡಿದು ಕೂತಿರುತ್ತಾರಂತೆ.
ಬೀಳುವವರನ್ನು ಅಷ್ಟು ಹೊತ್ತು ಸುಮ್ಮನೆ ನೋಡುವವರು
ನಮ್ಮ ಬೀದಿಯಲ್ಲಿ ಸಿಕ್ಕಿರಲಿಲ್ಲ.

ಸಕ್ರೆಬೈಲಿನಲ್ಲಿ ಆನೆಲದ್ದಿಯ ಬಿಸಿ ವಾಸನೆ.
ಹದಿನಾಲ್ಕನೆಯದು ಮಾವುತ ಖಲಂದರನದು:
"ಆನೆಗೂ ಕಾಲುನೋವು ಬರುತ್ತೆ, ತಗೋ."
ಇಪ್ಪತ್ತೊಂದರಲ್ಲಿ ಸುಣ್ಣ ಬಳಿದ ಕಲ್ಲು ಮುಟ್ಟಿ ತಿರುಗಿದೆ.

ಮೂವತ್ತೊಂದು ಯಾರದು? ಮರೆತೆ.
ಮೂವತ್ತೆರಡೂ.
ತೊಡೆ ಒದ್ದೆ ಹಲಗೆ. ಎಡಗಾಲು ಹೋದ ಕಡೆ
ಬಲಗಾಲು ಬರಲೊಲ್ಲದು.
ಲಾರಿಯವನು ಕಿಟಕಿಯಿಂದ ಕೂಗಿದ:
"ಬೆಳ್‌ಬೆಳಿಗ್ಗೆನೇ ಏರಿಸಿದೀಯೇನಮ್ಮಾ?"
ಅಣ್ಣನ ಕಷ್ಟ ಆಗ ತಿಳಿಯಿತು ಎಂದು ಬರೆಯಬಹುದಿತ್ತು.
ಸುಳ್ಳು.
ನನಗಿದು ಮೂವತ್ತೆರಡನೆಯ ಕಿಲೋಮೀಟರು.
ಅವನಿಗೆ, ಬಚ್ಚಲಿಗೆ ಹೋಗುವ ದಾರಿ.

ನಲವತ್ತೆರಡು ಮುಗಿದ ಮೇಲೂ ಉಳಿಯುವ
ನೂರ ತೊಂಬತ್ತೈದು ಮೀಟರು
ಯಾರಿಗೂ ಮಾರಿರಲಿಲ್ಲ.
"ಅದು ನಂದು" ಅಂದಿದ್ದ, ಪೈಸೆ ಬಿಚ್ಚದೆ.
ಲೈಟುಕಂಬ ಹಿಡಿದು ಕಾಯುತ್ತಿದ್ದ,
ಬಿದ್ದರೆ ಇರಲಿ ಅಂತ ಬೈಕಿನ ಹೆಲ್ಮೆಟ್ಟು ಹಾಕಿಕೊಂಡು.

ನನ್ನ ಹೆಗಲ ಮೇಲೆ ಅವನ ಕೈ.
ಯಾರು ಯಾರನ್ನು ಹಿಡಿದಿದ್ದೆವೋ,
ಇಬ್ಬರ ಕಾಲೂ ನಂಬುವಂಥವಲ್ಲ.
ಶಾಲೆಗೆ ಹೊರಟ ಮಕ್ಕಳು ನಮ್ಮನ್ನು ದಾಟಿದರು.
ಹಾಲಿನ ಕ್ಯಾನು ದಾಟಿತು.
ಮೂವತ್ತು ನಿಮಿಷವಾಯಿತು ಎಂದು ಜಬೀನಮ್ಮ ಆಮೇಲೆ ಹೇಳಿದಳು,
ಅಷ್ಟರಲ್ಲಿ ಎರಡು ಟ್ರೇ ಮೊಟ್ಟೆ ಖಾಲಿಯಂತೆ.

ಅವಳ ಅಂಗಡಿ ಮುಂದೆ ಗೆರೆ.
ಹಿಂದಿನ ಸಂಜೆ ರಸ್ತೆಯ ಮೇಲೆ ಕೂತು ಅವನೇ ಎಳೆದದ್ದು,
ಬಿಳಿ ಬಣ್ಣ, ನಾಲ್ಕಿಂಚಿನ ಬ್ರಶ್ಶು.
ನಡುವೆ ನಡುಗಿ, ಕೊನೆಗೆ ಚರಂಡಿಗೆ ಇಳಿದಿತ್ತು.
ನಮಗಿಂತ ಮೊದಲು ಒಂದು ದನ ದಾಟಿತು.

ಹಾಲೇಶಿ ಗೆರೆಯ ಮೇಲೇ ನಿಂತುಬಿಟ್ಟ.
"ಬಾರೋ, ಮುಗೀತು" ಅಂದೆ.
"ತಡಿ" ಅಂದ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ,
ಬಗ್ಗಿ ನೋಡುತ್ತ,
"ಇಲ್ಲಿ ಇನ್ನೊಂದು ಕೈ ಬಣ್ಣ ಬೇಕಿತ್ತು."